ಹಳೆಯ ಬೈಕಿನ ಕಾರ್ಬುರೇಟರ್ ಮತ್ತು ನಮ್ಮ ಬಾವಿ

(ಕಾರ್ಕಳದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಪರಿಸರದ ಸಭೆಯಲ್ಲಿ ಕಾರ್ಬುರೇಟರಿಗೇನು ಕೆಲಸವೆಂದು ಕೆಲವರು ಆಗಲೇ ಕೇಳಿದ್ದಾರೆ. ಉಡುಪಿಯಿಂದ ಘಟ್ಟದ ಬುಡದವರೆಗೆ ಬಸ್ಸು ತಲುಪದ ಮನೆಗಳಿಗೆ ಬೈಕೇ ಆಧಾರ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ಬಳಿಕ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಸ್ಥಾನಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಆದರೆ ಹಳೆಯ ಸ್ಪ್ಲೆಂಡರ್, ಸಿಡಿ 100, ಆರ್‌ಎಕ್ಸ್ 100, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ, ಇವೆಲ್ಲವೂ ಕಾರ್ಬುರೇಟರನ್ನೇ ನಂಬಿದ ಬಂಡಿಗಳು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100ರ ತಯಾರಿಕೆಯೂ ಅದೇ ವರ್ಷ ನಿಂತಿತು. ಬಂಡಿಗಳು ಮಾತ್ರ ಇನ್ನೂ ಓಡುತ್ತಿವೆ. ಮಣಿಪಾಲದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ತಮಗಿಂತ ಹಿರಿಯ ಬೈಕನ್ನು ಕೊಳ್ಳುವ ಗೀಳೂ ಇದೆ!

ಕಾರ್ಬುರೇಟರಿನ ತಳದಲ್ಲೊಂದು ಬಟ್ಟಲು. ಅದರಲ್ಲಿ ತೇಲುವ ಫ್ಲೋಟ್. ಪೆಟ್ರೋಲ್ ಏರಿದಾಗ ಫ್ಲೋಟ್ ಒಂದು ಪುಟ್ಟ ಸೂಜಿಯನ್ನು ಮೇಲಕ್ಕೊತ್ತಿ ದ್ವಾರವನ್ನು ಮುಚ್ಚುತ್ತದೆ. ಈ ಸೂಜಿಯ ತುದಿ ಸವೆದರೆ ನಿಂತ ಬೈಕಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ನಲವತ್ತು ಹನಿ ಸೇರಿದರೆ ಒಂದು ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಐದು ಸೆಕೆಂಡಿಗೊಂದು ಹನಿ ಬಿದ್ದರೆ ರಾತ್ರಿಯ ಹತ್ತು ಗಂಟೆಗಳಲ್ಲಿ 180 ಮಿಲಿಲೀಟರ್ ಹೋಯಿತು. ಪೆಟ್ರೋಲಿನಲ್ಲಿ ಗರಿಷ್ಠ ಶೇಕಡಾ 1ರಷ್ಟು ಬೆಂಜೀನ್ ಇರಬಹುದು. ಅದು ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಆ ಲೆಕ್ಕದಲ್ಲಿ ಒಂದೂವರೆ ಗ್ರಾಂ ಬೆಂಜೀನ್ ನೆಲಕ್ಕೆ ಬಿದ್ದಂತಾಯಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಬಹುಭಾಗ ಗಾಳಿಯಲ್ಲಿ ಆವಿಯಾಗುವುದು ನಿಜ. ಹತ್ತರಲ್ಲೊಂದು ಪಾಲು ಇಳಿದರೂ ಸಾಕು, 15,000 ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಮೂರು ಮೀಟರ್ ಅಗಲದ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಸರಿಸುಮಾರು ಅಷ್ಟೇ. ನಮ್ಮ ಮುರಕಲ್ಲಿನ ನೆಲವಾದರೋ ಜರಡಿಯಂತಹುದು. ಬೈಕನ್ನು ನಾವು ನಿಲ್ಲಿಸುವುದು ಅನೇಕ ವೇಳೆ ಬಾವಿಕಟ್ಟೆಯ ಪಕ್ಕದಲ್ಲೇ.

ದುರಸ್ತಿಯು ದುಬಾರಿಯಲ್ಲ. ಗ್ಯಾರೇಜಿನಲ್ಲಿ 'ಹೊಸ ಕಾರ್ಬುರೇಟರೇ ಹಾಕಿಬಿಡಿ' ಎಂದರೆ ಒಡನೆ ಒಪ್ಪಬೇಡಿರಿ. ಸವೆಯುವುದು ಸೂಜಿಯ ತುದಿ, ರಬ್ಬರಿನ ಓ-ರಿಂಗ್, ಬಟ್ಟಲಿನ ಗ್ಯಾಸ್ಕೆಟ್, ಹೆಚ್ಚೆಂದರೆ ಸ್ಲೈಡ್. ಹೊಸ ಕಾರ್ಬುರೇಟರಿನ ಬೆಲೆಯ ಸಣ್ಣದೊಂದು ಅಂಶದಲ್ಲಿ ಈ ಬಿಡಿಭಾಗಗಳ ಕಿಟ್ ದೊರೆಯುತ್ತದೆ. ಕಿಟ್ಟಿನ ಜೊತೆ ಬರುವ ಹಿತ್ತಾಳೆ ಜೆಟ್ಟುಗಳನ್ನು ಮಾತ್ರ ಬದಿಗಿಡಿ. ಕಂಪನಿಯ ಮೂಲ ಜೆಟ್ ಸುಲಭದಲ್ಲಿ ಸವೆಯದು. ಅಗ್ಗದ ಜೆಟ್ಟಿನ ಮೇಲೆ ಕೊರೆದ ಸಂಖ್ಯೆಯನ್ನು ನಂಬುವುದೂ ಕಷ್ಟ. ಹೊರಮೈಯ ಲೋಹ ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಣ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತುದನ್ನು ಕಂಡವರು ನಾವು. 2013ರಲ್ಲಿ ಒಡಿಶಾದ ನಿಯಮಗಿರಿಯ ಗ್ರಾಮಸಭೆಗಳು ಬೇಡವೆಂದುದು ಅಲ್ಯೂಮಿನಿಯಂ ಅದಿರಿನ ಗಣಿಯನ್ನೇ. ಒಂದು ರಬ್ಬರ್ ಬಳೆಗಾಗಿ ಇಡೀ ಲೋಹವನ್ನು ಗುಜರಿಗೆ ಎಸೆಯುವುದು ನನಗಂತೂ ಒಪ್ಪಿಗೆಯಿಲ್ಲ.

ಬಿಚ್ಚುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲಿನಲ್ಲಿದ್ದುದನ್ನು ಬಾಟಲಿಗೆ ಇಳಿಸಿರಿ. ಕೆಲಸ ಅಂಗಳದಲ್ಲಾಗಲಿ, ಬಚ್ಚಲೊಲೆಯಿಂದ ದೂರವಿರಲಿ. ಏರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತ ಎಷ್ಟು ಸುತ್ತಾಯಿತೆಂದು ಎಣಿಸಿ ಬರೆದಿಟ್ಟುಕೊಳ್ಳಿ. ಸ್ಲೈಡಿನ ಉದ್ದ ಸೂಜಿಯ ಕ್ಲಿಪ್ ಯಾವ ಗೀರಿನಲ್ಲಿತ್ತೆಂಬುದನ್ನೂ. ಸೀಮೆಎಣ್ಣೆಯಲ್ಲಿ, ಅದು ಸಿಗದಿದ್ದರೆ ಡೀಸೆಲಿನಲ್ಲಿ ನೆನೆಸಿ, ಬಳಿಕ ಸಾಬೂನಿನ ಬಿಸಿನೀರಿನಲ್ಲಿ ತೊಳೆದು ಗಾಳಿ ಊದಿರಿ. ಜೆಟ್ಟಿನೊಳಗೆ ತಂತಿ ತೂರಿಸುವುದು ಮಹಾಪರಾಧ. ರಂಧ್ರದ ವ್ಯಾಸ ಶೇಕಡಾ 10 ಹಿಗ್ಗಿದರೆ ಅದರ ವಿಸ್ತೀರ್ಣ ಶೇಕಡಾ 21 ಹೆಚ್ಚುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಕಾಪುವಿನ ಮೀನುಗಾರರ ಬಲೆಯ ತೆಳು ನೈಲಾನ್ ಎಳೆಯೊಂದು ಈ ಕೆಲಸಕ್ಕೆ ಯಾವ ಉಪಕರಣಕ್ಕೂ ಕಡಿಮೆಯಲ್ಲ. ತೊಳೆದ ಎಣ್ಣೆಯನ್ನು ಗೆದ್ದಲಿಗೆಂದು ತೆಂಗಿನ ಬುಡಕ್ಕೆ ಸುರಿಯುವ ರೂಢಿಯುಂಟು. ದಯವಿಟ್ಟು ಬೇಡ. ಬಾಟಲಿಯಲ್ಲಿಟ್ಟರೆ ಕೆಸರು ತಳಕ್ಕಿಳಿಯುತ್ತದೆ. ಮೇಲಿನ ತಿಳಿ ಮುಂದಿನ ಬಾರಿಗಾಗುತ್ತದೆ. ಕೆಸರು, ಹಳೆಯ ಎಂಜಿನ್ ಎಣ್ಣೆ ಸಂಗ್ರಹಿಸುವ ಗ್ಯಾರೇಜಿನ ಡ್ರಮ್ಮಿಗೆ ಸೇರಲಿ.

ಇತ್ತೀಚಿನ ತೊಡಕು ಎಥನಾಲ್. 2022ರ ವೇಳೆಗೆ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟಿದ್ದ ಅದರ ಮಿಶ್ರಣ 2025ರಲ್ಲಿ ಶೇಕಡಾ 20ಕ್ಕೇರಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಆಷಾಢದ ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಬೈಕಿನ ಬಟ್ಟಲಿನಲ್ಲಿ ನೀರು ಬೇರ್ಪಟ್ಟು, ಲೋಹದ ಮೇಲೆ ಬಿಳಿಯ ಪುಡಿ ಕೂರುತ್ತದೆ. ಹಳೆಯ ರಬ್ಬರ್ ಉಬ್ಬುತ್ತದೆ. ಎಥನಾಲಿಗೆ ತಡೆಯುವ ರಬ್ಬರನ್ನೇ ಕೇಳಿ ತನ್ನಿರಿ. ಮಳೆಗಾಲದಲ್ಲಿ ಬೈಕ್ ನಿಲ್ಲಿಸುವುದಾದರೆ ಬಟ್ಟಲನ್ನು ಬರಿದು ಮಾಡಿರಿ.

ಒಂದು ಮಾತನ್ನು ಮುಚ್ಚಿಡಲಾರೆ. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಒಳಬಂದ ಪೆಟ್ರೋಲಿನ ಒಂದಂಶ ಉರಿಯದೆಯೇ ಹೊಗೆಯ ದಾರಿಯಲ್ಲಿ ಹೊರಹೋಗುತ್ತದೆ. ಯಾವ ದುರಸ್ತಿಯೂ ಇದನ್ನು ಸರಿಪಡಿಸದು. ಆರ್‌ಎಕ್ಸ್ 100ನ್ನೋ ಯೆಜ್ದಿಯನ್ನೋ ಪ್ರೀತಿಯಿಂದ ಇಟ್ಟುಕೊಳ್ಳಿ, ಅಪರೂಪಕ್ಕೆ ಓಡಿಸಿ. ನಿತ್ಯ ಕಾಲೇಜಿಗೆ ಹೋಗಲು ನಾಲ್ಕು ಸ್ಟ್ರೋಕಿನ ಹಳೆಯ ಸ್ಪ್ಲೆಂಡರ್ ಮೇಲು. ಕೆಲಸ ಮುಗಿದ ಮೇಲೆ ಹೊಗೆ ತಪಾಸಣೆ ಮಾಡಿಸಿ ಚೀಟಿಯ ಅಂಕಿಯನ್ನು ಓದಿರಿ. 2000ದ ಮಾರ್ಚ್ 31ರವರೆಗೆ ತಯಾರಾದ ಬೈಕಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡಾ 4.5, ಅನಂತರದ ಬಿಎಸ್-3ರವರೆಗಿನವಕ್ಕೆ ಶೇಕಡಾ 3.5. ಸ್ಪಾರ್ಕ್ ಪ್ಲಗ್ಗಿನ ತುದಿಯೂ ಸಾಕ್ಷಿ ಹೇಳುತ್ತದೆ: ಕಾಫಿಪುಡಿಯ ಬಣ್ಣವಿದ್ದರೆ ಸರಿ, ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚಾಗಿದೆ.

ಮೇಜಿನ ಮೇಲೆ ಸೋರುವ ಕಾರ್ಬುರೇಟರೊಂದಿದೆ. ಈಗ ಬಿಚ್ಚೋಣ. ಹಿಂದೆ ಕುಳಿತವರು ಮುಂದಕ್ಕೆ ಬನ್ನಿ. ಜೇಬಿನ ಬೀಡಿ, ಬೆಂಕಿಪೆಟ್ಟಿಗೆಗಳನ್ನು ಹೊರಗಿನ ಜಗಲಿಯಲ್ಲಿಟ್ಟು ಬನ್ನಿ.