ವೈನ್ ದ್ರಾಕ್ಷಿಯೂ ಗಡಿಯ ಸುಂಕವೂ
(ಕಬ್ಬು ಬೆಳೆಗಾರರ ಮೇಳಾವೆಯಲ್ಲಿ ಮಾಡಿದ ಭಾಷಣ)



ಕಬ್ಬಿನ ಸಭೆಯಲ್ಲಿ ವೈನಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಿರಬಹುದು. ಕುಡಿಯಿರಿ ಎಂದು ಹೇಳಲು ನಾನು ನಿಂತಿಲ್ಲ. ಸೆರೆಯಿಂದ ಹಾಳಾದ ಮನೆತನಗಳನ್ನು ನಾವೆಲ್ಲ ಕಂಡವರೇ. ಆದರೆ ಜತ್ತ, ಸೊಲ್ಲಾಪುರದ ಕಡೆಯ ನಮ್ಮ ಸಭಾಸದರಲ್ಲಿ ಕಬ್ಬಿನ ಜೊತೆಗೆ ಎಕರೆ ಎರಡೆಕರೆ ದ್ರಾಕ್ಷಿ ಇಟ್ಟವರಿದ್ದಾರೆ. ದೇಶದ ವೈನಿಗೆ ಬೆಂಬಲ ಕೊಡಿರಿ, ಪರದೇಶದ ವೈನಿನ ಮೇಲಿನ ಸುಂಕ ಇಳಿಸಬೇಡಿರಿ ಎಂಬ ಕೂಗು ಎದ್ದಾಗ, ಅದರಲ್ಲಿ ಬಳ್ಳಿಯವನ ಪಾಲೆಷ್ಟು ಎಂಬುದನ್ನು ನಾವು ಕೇಳಬೇಕಾಗಿದೆ.

ಸುಂಕದ ಆಸರೆ ನಮಗೆ ಹೊಸದಲ್ಲ. ಹೊರಗಿನ ಸಕ್ಕರೆಯ ಮೇಲಿನ ಆಮದು ಸುಂಕವನ್ನು 2018ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಶೇಕಡಾ 50ರಿಂದ 100ಕ್ಕೆ ಏರಿಸಿದಾಗ ನಾವು ಸಂತೋಷಪಟ್ಟೆವು. ವೈನಿನ ಕಥೆಯೂ ಇಂಥದೇ. 2001ರ ಏಪ್ರಿಲ್ 1ರಂದು ಮದ್ಯದ ಆಮದಿನ ಮೇಲಿದ್ದ ಪ್ರಮಾಣದ ನಿರ್ಬಂಧಗಳು ಹೋದವು. ಅದೇ ದಿನ ಹೆಚ್ಚುವರಿ ಸುಂಕ ಬಂತು. ಅದೇ ವರ್ಷ ಮಹಾರಾಷ್ಟ್ರ ಸರಕಾರ ದ್ರಾಕ್ಷಿ ಸಂಸ್ಕರಣ ಧೋರಣೆಯನ್ನು ಸಾರಿ, ರಾಜ್ಯದ ದ್ರಾಕ್ಷಿಯಿಂದ ಮಾಡಿದ ವೈನಿಗೆ ಅಬಕಾರಿ ವಿನಾಯಿತಿ ಕೊಟ್ಟಿತು. ನಾಸಿಕದ ವಿಂಚೂರಿನಲ್ಲಿಯೂ ನಮ್ಮ ಸಾಂಗಲಿ ಜಿಲ್ಲೆಯ ಪಲೂಸದಲ್ಲಿಯೂ ವೈನ್ ಪಾರ್ಕುಗಳು ಎದ್ದವು. ಹೆಚ್ಚುವರಿ ಸುಂಕದ ವಿರುದ್ಧ ಯೂರೋಪಿನವರೂ ಅಮೆರಿಕದವರೂ ಜಾಗತಿಕ ವ್ಯಾಪಾರ ಸಂಘಟನೆಯಲ್ಲಿ ತಕರಾರು ಎತ್ತಿದ್ದರಿಂದ 2007ರ ಜುಲೈಯಲ್ಲಿ ಅದನ್ನು ತೆಗೆದರು. ಬದಲಿಗೆ ವೈನಿನ ಮೂಲ ಸುಂಕವನ್ನು 100ರಿಂದ 150ಕ್ಕೆ ಏರಿಸಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಅಷ್ಟು ಎತ್ತರದ ಗೋಡೆ ನಿಂತಿರುವಾಗಲೇ ನಾಸಿಕದ ರೈತ ಬಿದ್ದ. 2008ರಲ್ಲಿ ಜಗತ್ತಿನ ಆರ್ಥಿಕ ಕುಸಿತ ಬಂತು. ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿಯಾಗಿ ದೊಡ್ಡ ಹೋಟೆಲುಗಳು ಬರಿದಾದವು. ವೈನಿನ ಬೇಡಿಕೆ ಕುಗ್ಗಿತು. ಕೊಳ್ಳುವವರಿಲ್ಲದೆ ಎಷ್ಟೋ ಜನ ವೈನ್ ದ್ರಾಕ್ಷಿಯ ಬಳ್ಳಿಗಳನ್ನೇ ಕಿತ್ತು ಹಾಕಿದರು. ಪರದೇಶದ ಬಾಟಲಿ ಅವರನ್ನು ಬೀಳಿಸಿರಲಿಲ್ಲ.

ತಿನ್ನುವ ದ್ರಾಕ್ಷಿಯ ತೋಟವಾಗಿದ್ದರೆ ಹೀಗಾಗುತ್ತಿರಲಿಲ್ಲ. ಥಾಮ್ಸನ್, ಸೋನಾಕಾ ಮುಂತಾದ ಬೀಜವಿಲ್ಲದ ಜಾತಿಗಳು ಪೇಟೆಯಲ್ಲಿ ಹೋಗದಿದ್ದರೆ ರ‍್ಯಾಕಿನ ಮೇಲೆ ಒಣಗಿಸಿ ಬೇದಾಣಾ ಮಾಡುತ್ತೇವೆ. ಶಿರಾಜ್, ಕ್ಯಾಬರ್ನೆ ಸಾವಿನ್ಯೋನ್‌ನಂಥ ವೈನ್ ಜಾತಿಗಳ ಕಾಳು ಸಣ್ಣದು, ಒಳಗೆ ಬೀಜ, ಸಿಪ್ಪೆ ದಪ್ಪ. ತಿನ್ನುವವರಿಲ್ಲ, ಒಣಗಿಸಿದರೆ ಕೇಳುವವರಿಲ್ಲ. ಒಂದೇ ಬಾಗಿಲು, ಅದೂ ಕಾರಖಾನೆಯದು. ಕಟಾವಿಗೆ ಮುನ್ನ ನಮ್ಮ ಚಿಟ್‌ಬಾಯ್ ಕಬ್ಬಿನ ಬ್ರಿಕ್ಸ್ ನೋಡುವಂತೆ ಅಲ್ಲಿಯೂ ಬ್ರಿಕ್ಸ್ ನೋಡುತ್ತಾರೆ; ಸಾಧಾರಣವಾಗಿ 22ರಿಂದ 24 ಬೇಕು. ಕಡಿಮೆ ಬಂದರೆ ದರ ಇಳಿಯುತ್ತದೆ, ಇಲ್ಲವೆ ಮಾಲು ತಿರುಗಿ ಬರುತ್ತದೆ. ಕಬ್ಬಿಗಾದರೆ 1966ರ ಕಬ್ಬು ನಿಯಂತ್ರಣ ಆದೇಶವಿದೆ. ಕೇಂದ್ರ ಗೊತ್ತುಮಾಡಿದ ದರವಿದೆ. 14 ದಿನಗಳಲ್ಲಿ ಬಿಲ್ಲು ಕೊಡಬೇಕು, ತಡವಾದರೆ ಶೇಕಡಾ 15ರ ಬಡ್ಡಿ. ಬಿಲ್ಲು ತಡವಾದುದೂ ಉಂಟು, ಒಪ್ಪುತ್ತೇನೆ. ಆದರೆ ಜಗಳವಾಡಲು ಒಂದು ಕಾಯಿದೆಯಾದರೂ ಕೈಯಲ್ಲಿದೆ. ವೈನ್ ದ್ರಾಕ್ಷಿಯವನ ಕೈಯಲ್ಲಿರುವುದು ಕರಾರಿನ ಕಾಗದವೊಂದೇ.

ಈಗ ಗೋಡೆಯೂ ಇಳಿಯತೊಡಗಿದೆ. ಆಸ್ಟ್ರೇಲಿಯದೊಡನೆ 2022ರ ಏಪ್ರಿಲಿನಲ್ಲಿ ಸಹಿಯಾದ ಒಪ್ಪಂದ ಅದೇ ವರ್ಷ ಡಿಸೆಂಬರ್ 29ರಿಂದ ಜಾರಿಗೆ ಬಂತು. ಬಾಟಲಿಗೆ 5 ಡಾಲರಿಗೆ ಮೇಲಿನ ವೈನಿನ ಸುಂಕ 150ರಿಂದ 100ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ 50 ಆಗಬೇಕು. 15 ಡಾಲರಿಗೆ ಮೇಲಿನದು ಮೊದಲಿಗೇ 75ಕ್ಕೆ ಇಳಿದು, ಕೊನೆಗೆ 25 ಆಗುತ್ತದೆ. 5 ಡಾಲರಿಗೆ ಕೆಳಗಿನ ಅಗ್ಗದ ಮಾಲಿಗೆ ರಿಯಾಯಿತಿ ಇಲ್ಲ. ಈ ಕೆಳಮಿತಿಯನ್ನು ಇಟ್ಟವರು ಯೋಚಿಸಿಯೇ ಇಟ್ಟಿದ್ದಾರೆ. ದೇಶದ ಸಾಧಾರಣ ದರದ ವೈನನ್ನು ಅದು ಕಾಯುತ್ತದೆ. ಮುಂದಿನ ಯಾವ ಒಪ್ಪಂದದಲ್ಲಿಯೂ ಅದು ಕರಗದಂತೆ ನೋಡಿಕೊಳ್ಳಬೇಕೆಂದು ನಾವು ಒತ್ತಾಯಿಸಬಹುದು.

ಇನ್ನೊಂದು ಗೋಡೆ ನಮ್ಮ ಮನೆಯ ಹಿತ್ತಿಲಲ್ಲೇ ಇದೆ. ವಿಜಯಪುರದ ದ್ರಾಕ್ಷಿ ಜತ್ತಕ್ಕೆ ಬರಬಹುದು, ಜತ್ತದ್ದು ಅತ್ತ ಹೋಗಬಹುದು. ಅದೇ ಹಣ್ಣಿನ ವೈನ್ ಗಡಿ ದಾಟಬೇಕಾದರೆ ಬೇರೆ ಪರವಾನಗಿ, ಬೇರೆ ತೆರಿಗೆ. ಮದ್ಯವು ರಾಜ್ಯಗಳ ವಿಷಯವಾದ್ದರಿಂದ ಜಿ.ಎಸ್.ಟಿ. ಅದಕ್ಕೆ ಅನ್ವಯಿಸುವುದಿಲ್ಲ. ಕರ್ನಾಟಕವೂ 2007ರಲ್ಲಿ ತನ್ನದೇ ವೈನ್ ಧೋರಣೆ ಮಾಡಿಕೊಂಡಿತು. ಆಸ್ಟ್ರೇಲಿಯದ ಸುಂಕ ಇಳಿಯುತ್ತಿರುವಾಗ ಗಡಿಯಾಚೆಯ ಬೀಗರ ಊರಿಗೆ ನಮ್ಮ ವೈನ್ ಹೋಗಲು ಇಷ್ಟು ತಾಪತ್ರಯ! ಎರಡೂ ಸರಕಾರಗಳು ಕುಳಿತು ಮಾತಾಡಿದರೆ ಸುಂಕ ಏರಿಸುವುದಕ್ಕಿಂತ ಹೆಚ್ಚು ಉಪಕಾರವಾದೀತು.

ದೇಶದ ವೈನಿಗೆ ನನ್ನ ಬೆಂಬಲವಿದೆ. ಆದರೆ ವಿನಾಯಿತಿ ಪಡೆದ ಕಾರಖಾನೆ ಬೆಳೆಗಾರನಿಗೆ ಬರಹದಲ್ಲಿ ದರ ಕೊಡಲಿ. ಕರಾರು ಎಷ್ಟು ವರ್ಷದ್ದು, ಬ್ರಿಕ್ಸ್ ಯಾರ ಎದುರಿಗೆ ನೋಡುವುದು, ಮಾಲು ಎತ್ತದಿದ್ದರೆ ನಷ್ಟ ಯಾರದು, ಹಣ ಎಷ್ಟು ದಿನಕ್ಕೆ ಎಂಬ ನಾಲ್ಕನ್ನೂ ಅದರಲ್ಲಿ ಬರೆಸಿಕೊಳ್ಳಿರಿ. ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದು ತಿಳಿಯದಿದ್ದರೆ ಸಹಿ ಮಾಡುವ ಮುನ್ನ ನಮ್ಮ ಶೇತಕಿ ವಿಭಾಗಕ್ಕೆ ತನ್ನಿರಿ. ಕನ್ನಡದಲ್ಲಿ ಓದಿ ಹೇಳುತ್ತೇವೆ.