ಆಂಥೂರಿಯಂ: ಬೆಳೆಸುವುದು, ಮರಿ ಬಿಡಿಸುವುದು



ಮನೆ ಹಿಂದೆ ದೊಡ್ಡ ಹಲಸಿನ ಮರವಿದೆ, ಅಂಗಳಕ್ಕೆ ಬಿಸಿಲೇ ಬೀಳುವುದಿಲ್ಲ, ಯಾವ ಹೂವಿನ ಗಿಡ ಹಾಕಿದರೂ ಏಳುವುದಿಲ್ಲ ಎನ್ನುವವರು ಮಲೆನಾಡಿನಲ್ಲಿ ಬಹಳ ಮಂದಿ. ಗುಲಾಬಿಗೂ ಸೇವಂತಿಗೆಗೂ ಆ ಜಾಗ ಒಗ್ಗುವುದಿಲ್ಲ, ನಿಜ. ಆಂಥೂರಿಯಂಗೆ ಬೇಕಾದದ್ದು ಮಾತ್ರ ಅಂಥದೇ ಜಾಗ. ಕೊಲಂಬಿಯಾ, ಈಕ್ವೆಡಾರ್ ದೇಶಗಳ ಮಳೆಕಾಡಿನಲ್ಲಿ, ಎತ್ತರದ ಮರಗಳ ಅಡಿಯಲ್ಲಿ, ಎಷ್ಟೋ ಕಡೆ ಮರದ ಮೈಮೇಲೆಯೇ ಬೆಳೆಯುವ ಗಿಡ ಇದು. ಫ್ರಾನ್ಸಿನ ಎಡ್ವಾರ್ಡ್ ಆಂದ್ರೆ 1876ರಲ್ಲಿ ಇದನ್ನು ಕೊಲಂಬಿಯಾದಿಂದ ಯುರೋಪಿಗೆ ತಂದರು. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ ಕಡೆಯ ಎಷ್ಟೋ ಮನೆಗಳ ಜಗಲಿಯಂಚಿನಲ್ಲಿ ಈಗ ಇದರ ಕುಂಡಗಳಿವೆ.

ನಾವು ಹೂವೆಂದು ಕರೆಯುವ ಆ ಕೆಂಪು ಹಾಳೆ ನಿಜವಾಗಿ ಒಂದು ಬಗೆಯ ಎಲೆ. ನಡುವೆ ನಿಂತ ದಿಂಡಿನ ಮೇಲೆ ಒತ್ತೊತ್ತಾಗಿ ಕೂತ ಸಣ್ಣ ಸಣ್ಣ ಕಾಳುಗಳೇ ಹೂಗಳು. ಆ ಹಾಳೆ ವಾರಗಟ್ಟಲೆ ಬಾಡದೆ ನಿಲ್ಲುತ್ತದೆ.

ಮರದ ಮೇಲೆ ಬೆಳೆಯುವ ಗಿಡ ಎಂಬುದನ್ನು ಮರೆಯದಿದ್ದರೆ ಸಾಕು, ಆರೈಕೆಯ ಮುಕ್ಕಾಲು ಪಾಲು ತಿಳಿದಂತೆ. ಇದರ ಬೇರಿಗೆ ತೇವ ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಬರಿಯ ಕೆಮ್ಮಣ್ಣು ತುಂಬಿದ ಕುಂಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು, ಚೆನ್ನಾಗಿ ಕಳಿತ ತರಗೆಲೆ ಗೊಬ್ಬರ, ಇಷ್ಟು ಸೇರಿಸಿದರೆ ಗಿಡ ನೆಮ್ಮದಿಯಾಗಿರುತ್ತದೆ. ಹಸಿ ಸಗಣಿ ಬೇಡವೇ ಬೇಡ.

ನೆರಳು ಎಂದರೆ ಕತ್ತಲೆಯಲ್ಲ. ಈ ಗಿಡ ಸಾಮಾನ್ಯವಾಗಿ ಒಂದೊಂದು ಎಲೆಯ ಬುಡದಲ್ಲಿ ಒಂದೊಂದೇ ಹೂ ಬಿಡುತ್ತದೆ. ಕತ್ತಲಲ್ಲಿಟ್ಟರೆ ಹೊಸ ಎಲೆ ಕಡಿಮೆ, ಹೂವೂ ಕಡಿಮೆ. ನೇರ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಎಲೆಗಳ ಸಂದಿಯಿಂದ ಸೋಸಿ ಬರುವ ಬೆಳಕೇ ಇದಕ್ಕೆ ಹಿತ.

ಈಗ ಮರಿ ಬಿಡಿಸುವ ವಿಷಯ. ನಾಲ್ಕಾರು ವರ್ಷವಾದ ಗಿಡದ ಕೆಳಗಿನ ಎಲೆಗಳು ಉದುರಿ ಕಾಂಡ ಉದ್ದವಾಗುತ್ತದೆ, ಮೈಯಿಂದ ಬೇರುಗಳು ಗಾಳಿಗೆ ಚಾಚುತ್ತವೆ, ಹೂ ಸಣ್ಣದಾಗುತ್ತದೆ. ಆಗ ಹಲವರು ಗೊಬ್ಬರ ಹೆಚ್ಚಿಸುತ್ತಾರೆ. ಆದರೆ ಗಿಡ ಬುಡದಿಂದ ಮೇಲೆದ್ದುಬಿಟ್ಟಿದೆ, ಬೇರು ಒಣಗುತ್ತಿದೆ. ಗೊಬ್ಬರದಿಂದ ಅದು ಸರಿಹೋಗದು. ಬಿಡಿಸಿ ನೆಡುವುದೇ ದಾರಿ.

ಮುಂಗಾರಿನ ಮೊದಲ ಮಳೆಗಳು ಬಿದ್ದು ಹವೆ ತಂಪಾದ ಹೊತ್ತು ಒಳ್ಳೆಯದು. ಆಷಾಢದ ಜಡಿಮಳೆಯಲ್ಲಿ ಬೇಡ, ಗಾಯ ಕೊಳೆಯುತ್ತದೆ. ಕುಂಡವನ್ನು ಮಗುಚಿ, ಬೇರಿನ ಮುದ್ದೆಯನ್ನು ಬಕೆಟ್ ನೀರಿನಲ್ಲಿ ಅಲುಗಿಸಿ. ಯಾವ ಮರಿ ಯಾವ ಬೇರಿನದೆಂದು ಆಗ ಕಾಣುತ್ತದೆ. ಸ್ವಂತ ಬೇರು ಎರಡು ಮೂರಾದರೂ ಇರುವ ಮರಿಯನ್ನಷ್ಟೇ ಬಿಡಿಸಿ. ಬೇರಿಲ್ಲದ ಪುಟ್ಟ ಮರಿಯನ್ನು ಆಸೆಪಟ್ಟು ಕಿತ್ತರೆ ಸಾಯುವುದೇ ಹೆಚ್ಚು. ತಾಯಿಯ ಜೊತೆಗೇ ಬಿಡಿ. ಉದ್ದವಾದ ತಾಯಿಗಿಡದ ತುದಿಯನ್ನು ಗಾಳಿಬೇರುಗಳ ಕೆಳಗೆ ಕತ್ತರಿಸಿ ಬೇರೆ ಕುಂಡದಲ್ಲಿ ತಗ್ಗಿಸಿ ನೆಡಿ. ಉಳಿದ ಮೋಟನ್ನು ಎಸೆಯಬೇಡಿ, ಅದರಿಂದಲೂ ಚಿಗುರು ಬರುತ್ತದೆ. ನೆಡುವಾಗ ಬೆಳೆಯುವ ಕುಡಿ ಮಾತ್ರ ಮಣ್ಣಿನೊಳಗೆ ಹೂತುಹೋಗಬಾರದು.

ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಚಾಕುವನ್ನು ಸ್ಪಿರಿಟ್‌ನಿಂದ ಒರೆಸಲೇಬೇಕು. ಎಲೆಯಂಚು ನೀರು ಕುಡಿದಂತಾಗಿ ಹಳದಿಗೆ ತಿರುಗುವ ಅಂಗಮಾರಿ ರೋಗ ಹರಡುವುದು ಹೆಚ್ಚಾಗಿ ಚಾಕು ಮತ್ತು ಚಿಮ್ಮುವ ನೀರಿನಿಂದ. ರೋಗ ಹಿಡಿದ ಗಿಡದ ಮರಿಯನ್ನು ಯಾರಿಗೂ ಕೊಡಬೇಡಿ. ಆಂಥೂರಿಯಂ ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದ್ದು, ಇದರ ರಸವೂ ತುರಿಸುತ್ತದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳು ಕಚ್ಚದಂತೆ ನೋಡಿಕೊಳ್ಳಿ.

ನೆಟ್ಟ ಮೇಲೆ ಕೆಲವು ವಾರ ಗೊಬ್ಬರ ಕೊಡದೆ, ದಟ್ಟ ನೆರಳಲ್ಲಿಟ್ಟು, ಎಲೆಗೆ ತೆಳುವಾಗಿ ನೀರು ಚಿಮುಕಿಸಿ. ಹೊಸ ಎಲೆ ಬಿಚ್ಚಿಕೊಂಡಿತೆಂದರೆ ಬೇರು ಹಿಡಿದಿದೆ. ಆಮೇಲೆ ಬೆಳಕಿಗೆ ಸರಿಸಬಹುದು, ತಿಳಿಯಾದ ಗೊಬ್ಬರದ ನೀರನ್ನೂ ಕೊಡಬಹುದು.