ಊರ ಶಾಲೆ ಯಾರದು?

(ಪಾಲಕರ ಹಾಗೂ ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ಇಂದಿನ ಕೂಟದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ನಮಗೆ ಅಪ್ಪಣೆಯಿತ್ತಿರುವಿರಿ. ನಾವು ಶಿಕ್ಷಣಶಾಸ್ತ್ರವನ್ನು ಓದಿದವರಲ್ಲ. ಊರ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವರು; ಮುಂದೆ ನಮ್ಮ ಮಕ್ಕಳನ್ನು ಅದೇ ಶಾಲೆಗೆ ಕಳಿಸಿದವರು; ಕೆಲಕಾಲ ಅದರ ಸಮಿತಿಯಲ್ಲಿ ಕುಳಿತವರು. ಆದುದರಿಂದ ಪಂಡಿತರ ಮಾತನ್ನು ತಾವು ನಮ್ಮಿಂದ ಅಪೇಕ್ಷಿಸಬಾರದು. ಕಂಡುದನ್ನು ಹೇಳುವೆವು, ಅದರಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದೂ ಸೇರಿದೆ.

ನಮ್ಮ ಹಳ್ಳಿಗಳಲ್ಲಿ ಹನುಮಂತದೇವರ ಗುಡಿ ಯಾರದೆಂದು ಕೇಳಿದರೆ 'ನಮ್ಮದು' ಎಂಬ ಉತ್ತರ ಬರುತ್ತದೆ. ಕೆರೆ ಯಾರದು? ನಮ್ಮದು. ಜಾತ್ರೆ ಯಾರದು? ನಮ್ಮದು. ತೇರನ್ನೆಳೆಯಲು ಯಾರೂ ಯಾರಿಗೂ ಕರೆಯೋಲೆ ಕಳಿಸುವುದಿಲ್ಲ. ಆದರೆ ಶಾಲೆ ಯಾರದೆಂದು ಕೇಳಿದಾಗ ಮಾತ್ರ 'ಅದು ಸರಕಾರದ್ದು' ಎನ್ನುವೆವು. ಮಾಳಿಗೆ ಸೋರಿದರೆ ಸರಕಾರ ನೋಡಿಕೊಳ್ಳಲಿ. ಮಾಸ್ತರರು ಬಾರದಿದ್ದರೆ ಸರಕಾರ ವಿಚಾರಿಸಲಿ. ಮಗು ಓದಲು ಕಲಿಯದಿದ್ದರೆ ಅದಕ್ಕೂ ಸರಕಾರವೇ ಹೊಣೆ. ನಮ್ಮ ಮಕ್ಕಳು ದಿನದ ಅರ್ಧಭಾಗವನ್ನು ಕಳೆಯುವ ಮನೆಯೊಂದು ನಮಗೆ ಪರರ ಮನೆಯಾದುದು ಹೇಗೆ?

ಪೂರ್ವದಲ್ಲಿ ಹೀಗಿರಲಿಲ್ಲ. ಗಾಂವಠಿ ಶಾಲೆಯ ಐಗಳನ್ನು ಊರೇ ಸಾಕುತ್ತಿತ್ತು; ಸುಗ್ಗಿಯಲ್ಲಿ ಕಾಳುಕಡಿ ಅವರ ಮನೆಗೆ ಹೋಗುತ್ತಿತ್ತು. ಆ ಶಾಲೆಗೆ ದೋಷಗಳು ಹಲವಿದ್ದವು. ಎಲ್ಲ ಜಾತಿಯ ಮಕ್ಕಳಿಗೆ ಅದರ ಬಾಗಿಲು ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಆ ಕಾಲ ಮರಳಿ ಬರಲೆಂದು ನಾವು ಹೇಳುತ್ತಿಲ್ಲ. ಆದರೆ ಶಾಲೆಯ ಯೋಗಕ್ಷೇಮ ತನ್ನದೆಂಬ ಭಾವನೆ ಊರಿಗೆ ಇತ್ತೆಂಬುದನ್ನು ಮರೆಯಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದುದನ್ನು ನಾವೆಲ್ಲ ಬಲ್ಲೆವು. ಅಧಿಕಾರಿಯು ಶಾಲೆಯನ್ನು ತೆರೆಯಬಲ್ಲನು. ಅದರೊಳಗೆ ಮಕ್ಕಳನ್ನು ಕಳಿಸತಕ್ಕವರು ತಂದೆತಾಯಿಗಳೇ. 1956ರ ನವೆಂಬರ 1ರಂದು ಕನ್ನಡ ನಾಡು ಒಂದಾಯಿತು. ನಾಡಿನ ಗಡಿಗಳು ಕೂಡಿದವು. ಆದರೆ ಶಾಲೆಯ ಗೋಡೆಗೂ ಊರಿಗೂ ನಡುವಿನ ಗಡಿ ಹಲವೆಡೆ ಹಾಗೆಯೇ ಉಳಿಯಿತು.

ಈ ಗಡಿಯನ್ನು ಅಳಿಸಲು ಕಾಯದೆಯು ತನ್ನ ಪಾಲಿನ ಕೆಲಸವನ್ನು ಮಾಡಿದೆ. ಡಾಕ್ಟರ್ ರಾಜಾ ರಾಮಣ್ಣನವರ ನೇತೃತ್ವದ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಕರ್ನಾಟಕ ಸರಕಾರವು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಬಳಿಕ 2009ರ ಶಿಕ್ಷಣ ಹಕ್ಕಿನ ಕಾಯದೆಯು 2010ರ ಏಪ್ರಿಲ 1ರಿಂದ ಜಾರಿಗೆ ಬಂದಿತು. ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದು ಅದು ವಿಧಿಸಿದೆ. ಶಾಲೆಯ ಕಾರ್ಯವನ್ನು ನೋಡಿಕೊಳ್ಳುವುದು, ಅದರ ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಹಣ ಹೇಗೆ ವೆಚ್ಚವಾಯಿತೆಂದು ಪರಿಶೀಲಿಸುವುದು, ಇವು ಆ ಸಮಿತಿಯ ಕರ್ತವ್ಯಗಳು. ಅಂದ ಮೇಲೆ ಶಾಲೆ ಯಾರದೆಂಬ ಪ್ರಶ್ನೆಗೆ ಕಾಯದೆಯೇ ಉತ್ತರ ಕೊಟ್ಟಂತಾಯಿತು. ಆ ಉತ್ತರವನ್ನು ಕೇಳಿಸಿಕೊಳ್ಳದವರು ನಾವು.

ಈಗ ನಮ್ಮ ತಪ್ಪನ್ನು ಹೇಳುವೆವು. ನಾವು ಸಮಿತಿಯಲ್ಲಿದ್ದ ಕಾಲದಲ್ಲಿ ಸಭೆಯ ಪುಸ್ತಕವು ಮನೆಗೇ ಬರುತ್ತಿತ್ತು. ಹೊಲಕ್ಕೆ ಹೋಗುವ ಅವಸರದಲ್ಲಿ ಅದನ್ನು ಓದದೆ ಸಹಿ ಮಾಡಿ ಕಳಿಸುತ್ತಿದ್ದೆವು. ಒಂದು ವರ್ಷ ಹತ್ತಿ ಬಿಡಿಸುವ ಸುಗ್ಗಿಯಲ್ಲಿ 'ಮಕ್ಕಳ ಹಾಜರಿಯು ಸಮಾಧಾನಕರವಾಗಿದೆ' ಎಂಬ ಠರಾವಿಗೂ ಹಾಗೆಯೇ ಸಹಿ ಮಾಡಿದೆವು. ಅದಾದ ವಾರದೊಳಗೆ, ಶಾಲೆಯಲ್ಲಿ ಅಡುಗೆ ಮಾಡುವ ತಾಯಿಯೊಬ್ಬರು ಹಿಟ್ಟಿನ ಗಿರಣಿಯ ಹತ್ತಿರ ನಮ್ಮನ್ನು ನಿಲ್ಲಿಸಿ ಒಬ್ಬ ಹುಡುಗಿಯ ಹೆಸರು ಹೇಳಿದರು. "ಅಣ್ಣಾರ, ಆಕಿ ತಾಟು ಒಂದು ತಿಂಗಳಾತ್ರಿ ಹಂಗ ಐತಿ. ಯಾರೂ ಕೇಳವಲ್ರು" ಎಂದರು.

ನಾಲ್ಕನೆಯ ತರಗತಿಯ ಹುಡುಗಿ. ನಾವು ಆಕೆಯ ಮನೆಗೆ ಹೋದೆವು. ತಂದೆ ದುಡಿಯಲು ಗುಳೆ ಹೋಗಿದ್ದನು. ತಾಯಿ ಹತ್ತಿ ಬಿಡಿಸಲು ನಸುಕಿನಲ್ಲಿ ಹೊರಡುತ್ತಿದ್ದಳು. ಎರಡು ವರ್ಷದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಹುಡುಗಿ ಮನೆ ಕಾಯುತ್ತಿದ್ದಳು. ತಾಯಿಯನ್ನು ಜರಿಯಬೇಕೆಂದು ಹೋದ ನಮಗೆ ಜರಿಯಲು ಬಾಯಿ ಬರಲಿಲ್ಲ. ಆ ಮನೆಯಿಂದ ನೂರು ಹೆಜ್ಜೆಯ ಮೇಲೆ ಅಂಗನವಾಡಿ ಇತ್ತು. ಕೂಸನ್ನು ಹಗಲು ಅಲ್ಲಿ ಬಿಡಲು, ಸಂಜೆ ತಾಯಿ ಬರುವವರೆಗೆ ನೆರೆಮನೆಯ ಅಜ್ಜಿ ನೋಡಿಕೊಳ್ಳಲು ಒಪ್ಪಂದವಾದುದು ಅರ್ಧ ತಾಸಿನ ಮಾತಿನಲ್ಲಿ. ಅಷ್ಟೇ ಬೇಕಾಗಿತ್ತು. ಆ ಅರ್ಧ ತಾಸು ಒಂದು ತಿಂಗಳು ಯಾರಿಗೂ ದೊರೆತಿರಲಿಲ್ಲ.

ಹುಡುಗಿ ಶಾಲೆಗೆ ಮರಳಿದಳು. ಆದರೆ ಕಲಿತುದರಲ್ಲಿ ಬಹಳ ಹಿಂದೆ ಬಿದ್ದಿದ್ದಳು; ಕೇಳಿದ ಪ್ರಶ್ನೆಗೆ ತಲೆತಗ್ಗಿಸಿ ನಿಲ್ಲುತ್ತಿದ್ದಳು. ಮರುವರ್ಷ ಆ ಕುಟುಂಬವೇ ಊರು ಬಿಟ್ಟಿತು. ಇಂದು ಆಕೆ ಎಲ್ಲಿಯಾದರೂ ಓದುತ್ತಿರುವಳೋ ಇಲ್ಲವೋ ನಾವು ಅರಿಯೆವು. ಆ ಠರಾವಿನ ಕೆಳಗೆ ನಮ್ಮ ಸಹಿ ಮಾತ್ರ ಈಗಲೂ ಇದೆ.

ಮಹನೀಯರೇ, ಇದರಿಂದ ನಾವು ಕಲಿತುದೇನು? ಹಾಜರಿಯ ಪುಸ್ತಕಕ್ಕಿಂತ ಮೊದಲು ಅಡುಗೆಯ ತಾಯಿಗೆ ಆ ಕೊರತೆ ಕಂಡಿತು. ಏಕೆಂದರೆ ಆಕೆ ಅದೇ ಓಣಿಯವಳು. ಸಣ್ಣ ಶಾಲೆಯ ದೊಡ್ಡ ಬಲವು ಇದರಲ್ಲಿದೆ. ಮೂವತ್ತು ನಾಲ್ವತ್ತು ಮಕ್ಕಳ ಶಾಲೆಯಲ್ಲಿ ಪ್ರತಿಯೊಂದು ಮಗುವಿನ ಮನೆಯೂ ಎಲ್ಲರಿಗೂ ಗೊತ್ತು. ಪೇಟೆಯ ದೊಡ್ಡ ಶಾಲೆಗೆ ಹಣ ತೆತ್ತರೂ ಈ ಬಲವು ಬಾರದು. ಆದರೆ ಆ ಪರಿಚಯವು ಕಾರ್ಯಕ್ಕೆ ಬರಬೇಕಾದರೆ ನಾವು ಕೆಲವು ನಿಯಮಗಳನ್ನು ಮಾಡಿಕೊಳ್ಳಬೇಕು.

ಮೊದಲನೆಯದಾಗಿ, ಸಭೆಯು ಶಾಲೆಯಲ್ಲಿಯೇ ನಡೆಯಲಿ. ಪುಸ್ತಕವು ಮನೆಗೆ ಬರುವುದು ಬೇಡ. ಓದಬಲ್ಲವರು ಠರಾವನ್ನು ಗಟ್ಟಿಯಾಗಿ ಓದಿ ಹೇಳಲಿ. ಹೆಬ್ಬೆಟ್ಟು ಒತ್ತುವವರು ಕೇಳಿದ ಮೇಲೆ ಒತ್ತಲಿ. ಶಿಕ್ಷಕರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಸಭೆಯನ್ನು ಹಗಲು ಹನ್ನೊಂದು ಗಂಟೆಗೆ ಕರೆದರೆ ಕೂಲಿಯವರು ಒಂದು ದಿನದ ಕೂಲಿಯನ್ನು ಬಿಟ್ಟು ಬರಬೇಕು. ಅಮಾವಾಸ್ಯೆಯಂದು ಎತ್ತುಗಳಿಗೂ ಬಿಡುವಿರುತ್ತದೆ. ಅಂದು ಇಲ್ಲವೆ ದೀಪ ಹಚ್ಚುವ ಹೊತ್ತಿಗೆ ಕರೆಯಿರಿ. ಬಂದ ತಾಯಂದಿರಿಗೆ ಗೋಡೆಗಾತು ನಿಲ್ಲದೆ ಕುಳಿತುಕೊಳ್ಳಲು ಜಮಖಾನೆ ಹಾಸಿರಿ. ಮಗುವಿನ ದೂರನ್ನು ಹೇಳುವ ಮೊದಲು ಅದರ ಒಂದು ಗುಣವನ್ನು ಹೇಳಿರಿ. ಒಮ್ಮೆ ಅವಮಾನಗೊಂಡು ಹೋದ ತಾಯಿ ಎರಡನೆಯ ಸಲ ಬರುವುದಿಲ್ಲ.

ಎರಡನೆಯದು ಊಟದ ಮಾತು. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವು ಬೇಗನೆ ನಾಡಿಗೆಲ್ಲ ಹಬ್ಬಿತು. ಕಿರಿಯ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ ಎಂಬುದು ಗೊತ್ತುಮಾಡಿದ ಪ್ರಮಾಣ. ನಾಲ್ವತ್ತು ಮಕ್ಕಳು ಉಣ್ಣುವ ದಿನ ನಾಲ್ಕು ಕಿಲೋ ಅಕ್ಕಿ, ಎಂಟುನೂರು ಗ್ರಾಂ ಬೇಳೆ, ಎರಡು ಕಿಲೋ ಕಾಯಿಪಲ್ಲೆ ಒಲೆಗೆ ಹೋಗಬೇಕು. ಈ ಲೆಕ್ಕವನ್ನು ಮಾಡಲು ಯಾವ ತಾಯಿಗೂ ಪಾಠ ಹೇಳಬೇಕಾಗಿಲ್ಲ. ದಿನಕ್ಕೊಬ್ಬ ತಾಯಿ ಸರದಿಯಂತೆ ಬಂದು ನೋಡಲಿ, ರುಚಿ ನೋಡಲಿ, ಬಡಿಸಲಿ. ಇದು ಅಡುಗೆಯವರ ಮೇಲಿನ ಅವಿಶ್ವಾಸವಲ್ಲ. ಅವರ ಕೆಲಸಕ್ಕೆ ಸಲ್ಲಿಸುವ ಮರ್ಯಾದೆ. ಎಲ್ಲ ಕೇರಿಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಎಲ್ಲ ಕೇರಿಗಳ ತಾಯಂದಿರು ಕಣ್ಣಾರೆ ಕಂಡರೆ ನೂರು ಉಪನ್ಯಾಸಗಳಿಂದಾಗದ ಕೆಲಸವಾದೀತು.

ಮೂರನೆಯದು ಕಲಿಕೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶಿಕ್ಷಕರೇ ಮುಂದಾಗಿ ರೂಪಿಸಿದ ನಲಿ-ಕಲಿ ಪದ್ಧತಿಯು ಬಳಿಕ ನಾಡಿನ ಶಾಲೆಗಳಿಗೆ ವ್ಯಾಪಿಸಿತು. ಮಕ್ಕಳು ಗುಂಪುಗೂಡಿ ಕುಳಿತು, ಕಾರ್ಡುಗಳನ್ನು ಹಿಡಿದು, ಹಾಡುತ್ತ ಕಲಿಯುವುದನ್ನು ಕಿಟಕಿಯಿಂದ ಕಂಡ ಪಾಲಕರು 'ಇಲ್ಲಿ ಬರೀ ಆಟ' ಎಂದು ಹೊರಟುಹೋಗುವುದುಂಟು. ಒಳಗೆ ಬಂದು ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ತೋರಿಸಲು ಕೇಳಿದ್ದರೆ ತಮ್ಮ ಮಗು ಯಾವ ಮೆಟ್ಟಿಲಲ್ಲಿದೆ ಎಂದು ಅವರೇ ತಿಳಿಯುತ್ತಿದ್ದರು. ಅಕ್ಷರವರಿಯದ ತಾಯಿಯೂ ಮಗುವಿಗೆ ನೆರವಾಗಬಲ್ಲಳು. 'ಇಂದು ಓದಿದ ಕಥೆಯನ್ನು ನನಗೆ ಹೇಳು' ಎಂದರೆ ಸಾಕು. ಆಕೆ ಹೇಳುವ ಒಗಟು, ಗಾದೆ, ಬೀಸುವಾಗಿನ ಹಾಡು ಇವೂ ಪಾಠಗಳೇ. ಅಂಥ ತಾಯಂದಿರನ್ನು ವಾರಕ್ಕೊಮ್ಮೆ ತರಗತಿಗೆ ಕರೆದು ಹಾಡಿಸಿದರೆ, ಬಡಿಗೇರನನ್ನೋ ಕುಂಬಾರನನ್ನೋ ಕರೆದು ಕೈಗೆಲಸವನ್ನು ತೋರಿಸಿದರೆ, ತನ್ನ ಮನೆಯವರಿಗೆ ಶಾಲೆಯಲ್ಲಿ ಬೆಲೆಯುಂಟೆಂದು ಮಗುವಿಗೆ ತಿಳಿಯುವುದು.

ಕೊನೆಯ ಮಾತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರವು ಕಡ್ಡಾಯಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. ಆ ತೀರ್ಪಿನಿಂದ ನಮ್ಮಲ್ಲಿ ಹಲವರಿಗೆ ವ್ಯಥೆಯಾಯಿತು. ಆದರೆ ಅದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ಕನ್ನಡ ಶಾಲೆಯು ಇನ್ನು ಆಜ್ಞೆಯ ಬಲದಿಂದ ನಿಲ್ಲುವಂತಿಲ್ಲ. ಪಾಲಕರ ವಿಶ್ವಾಸದ ಬಲದಿಂದಲೇ ನಿಲ್ಲಬೇಕು. ಬೆಳಗಾಗುತ್ತಲೆ ಹಳದಿ ಬಣ್ಣದ ಮೋಟಾರುಗಳು ಹಳ್ಳಿಗೆ ಬಂದು ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಹಾಗೆ ಕಳಿಸುವ ತಂದೆಯನ್ನು ನಾಡದ್ರೋಹಿಯೆಂದು ಜರಿದು ಫಲವಿಲ್ಲ. ಆತನು ಮಗುವಿನ ಹಿತವನ್ನೇ ಬಯಸುವನು. ಊರ ಶಾಲೆಯಲ್ಲಿ ಆ ಹಿತವು ಸಾಧಿಸುವುದೆಂದು ಆತನಿಗೆ ಕಾಣಿಸಬೇಕು. ಮಕ್ಕಳು ಹತ್ತಕ್ಕಿಳಿದ ಮೇಲೆ ಶಾಲೆ ಉಳಿಯಲೆಂದು ಕೂಗುವುದಕ್ಕಿಂತ, ನಾಲ್ವತ್ತಿರುವಾಗಲೇ ಅದರೊಳಗೆ ಹೋಗಿ ಕುಳಿತುಕೊಳ್ಳುವುದು ಲೇಸು.

ನಾಡಾಭಿಮಾನವು ರಾಜ್ಯೋತ್ಸವದ ಒಂದು ದಿನದ ಬಾವುಟದಲ್ಲಿ ಮುಗಿಯತಕ್ಕದ್ದಲ್ಲ. ಯಾವ ಮಗುವಿನ ತಾಟು ಇಂದು ಮುಟ್ಟದೆ ಉಳಿಯಿತು ಎಂದು ಕೇಳುವುದೂ ನಾಡಸೇವೆಯೇ. ಈ ಸಭೆ ಮುಗಿದೊಡನೆ ತಾವು ನೆಟ್ಟಗೆ ಮನೆಗೆ ಹೋಗಬಾರದೆಂದು ನಮ್ಮ ಪ್ರಾರ್ಥನೆ. ಗುರುಗಳಿಂದ ಹಾಜರಿಯ ಪುಸ್ತಕವನ್ನು ಕೇಳಿ ತೆಗೆಸಿರಿ. ವಾರದಿಂದ ಬಾರದ ಮಕ್ಕಳ ಹೆಸರುಗಳನ್ನು ಬರೆದುಕೊಳ್ಳಿರಿ. ಹೊತ್ತು ಮುಳುಗುವುದರೊಳಗೆ ಇಬ್ಬಿಬ್ಬರಾಗಿ ಆ ಮನೆಗಳಿಗೆ ಹೋಗಿಬನ್ನಿರಿ. ನಾವೂ ತಮ್ಮೊಡನೆ ಬರುವೆವು.